25,000 ಗಂಟೆ ಬರ್ಬೇಕಾದ ಎಲ್‌ಇಡಿ ಬಲ್ಬ್ ವರ್ಷಕ್ಕೇ ಯಾಕೆ ಹೋಗುತ್ತೆ? ಒಳಗೆ ಏನೈತೆ ಬಿಚ್ಚಿ ನೋಡೋಣ

ದಾವಣಗೆರೆ ಚೌಕಿಪೇಟೆ, ಮಂಡಿಪೇಟೆ ಕಡೆ ಯಾವುದಾದ್ರೂ ಎಲೆಕ್ಟ್ರಿಕಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತ್ರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಅಣ್ಣ, ಬಾಕ್ಸ್ ಮೇಲೆ 25,000 ಗಂಟೆ ಅಂತ ಹಾಕ್ಯಾರೆ, ವರ್ಷ ತುಂಬಿಲ್ಲ, ಬಲ್ಬ್ ಹೋತು". ಗ್ಯಾರಂಟಿ ಇದ್ರೆ ಬದ್ಲಿ ಕೊಡ್ತಾರೆ, ಇಲ್ಲಾಂದ್ರೆ ಹೊಸದು ತಗೊಂಡು ಮನೆಗೆ ಹೋಗೋದು. ಕೇಳಿದವ್ರಿಗೆ ಕಂಪನಿಯವ್ರು ಸುಳ್ಳು ಬರ್ದಿದಾರೆ ಅನ್ಸುತ್ತೆ, ಅದು ಸಹಜನೇ. ಆದ್ರೆ ಅಲ್ಲಿ ಒಂದು ವಿಷ್ಯ ಬಿಟ್ಟು ಹೋಗಿರುತ್ತೆ. ಎಲ್‌ಇಡಿ ಬಲ್ಬ್ ಅಂತ ನಾವು ಕರೆಯೋದು ಒಂದು ವಸ್ತು ಅಲ್ಲ, ಎರಡು. ಬೆಳಕು ಕೊಡೋ ಚಿಪ್ ಒಂದು, ಆ ಚಿಪ್‌ಗೆ ಕರೆಂಟ್ ಹದ ಮಾಡಿ ಕೊಡೋ ಸಣ್ಣ ಸರ್ಕ್ಯೂಟ್ ಇನ್ನೊಂದು, ಇದನ್ನ ಡ್ರೈವರ್ ಅಂತಾರೆ. 25,000 ಗಂಟೆ ಅನ್ನೋ ಲೆಕ್ಕ ಹೆಚ್ಚಾಗಿ ಮೊದಲ್ನೇದರದ್ದು. ಮನೇಲಿ ಬಲ್ಬ್ ಕೈಕೊಡೋದು ಬಹಳ ಸಲ ಎರಡನೇದರಿಂದ, ಇಲ್ಲಾ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡ ಶಾಖದಿಂದ. ಇದು ಅರ್ಥ ಆದ್ರೆ ಯಾವ ಬಲ್ಬ್ ತಗೋಬೇಕು, ಎಲ್ಲಿ ಹಾಕ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ, ಅದಕ್ಕೇ ಮೊದಲಿಂದ ಹೇಳ್ತೀನಿ.

ಹಳೇ ಬಲ್ಬಿಂದ ಶುರು ಮಾಡೋಣ. ಗಾಜಿನ ಬುರುಡೆ, ಒಳಗೆ ಟಂಗ್‌ಸ್ಟನ್ ತಂತಿ. ಕರೆಂಟ್ ಹರಿದಾಗ ಆ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತೆ, ಅಷ್ಟು ಕಾದ ಯಾವ ಲೋಹ ಆದ್ರೂ ಹೊಳೆಯುತ್ತೆ. ಅಂದ್ರೆ ಅಲ್ಲಿ ಮೊದಲು ಹುಟ್ಟೋದು ಶಾಖ, ಬೆಳಕು ಅದರ ಹಿಂದೆ ಬರೋದು. ಕೊಟ್ಟ ಕರೆಂಟಲ್ಲಿ ಕಣ್ಣಿಗೆ ಕಾಣೋ ಬೆಳಕಾಗೋದು ನೂರಕ್ಕೆ ಐದರಷ್ಟು, ಮಿಕ್ಕಿದ್ದೆಲ್ಲಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಆಗಿ ರೂಮಿಗೆ ಬರುತ್ತೆ. ಬೆಳಕನ್ನ ಅಳೆಯೋ ಮಾಪನ ಲ್ಯುಮೆನ್. 60 ವ್ಯಾಟ್‌ನ ಹಳೇ ಬಲ್ಬು ಕೊಡ್ತಿದ್ದಿದ್ದು ಸುಮಾರು 700 ಲ್ಯುಮೆನ್, ಅಂದ್ರೆ ಒಂದು ವ್ಯಾಟಿಗೆ ಹನ್ನೆರಡು ಲ್ಯುಮೆನ್ ಲೆಕ್ಕ. ಟ್ಯೂಬ್‌ಲೈಟು ಇದಕ್ಕಿಂತ ಎಷ್ಟೋ ವಾಸಿ ಇತ್ತು, ಪಾದರಸದ ಆವಿಯಿಂದ ಬರೋ ಅಲ್ಟ್ರಾವಯಲೆಟ್ ಕಿರಣ ಟ್ಯೂಬಿನ ಒಳಗಡೆ ಬಳಿದಿರೋ ಬಿಳಿ ಪುಡಿಗೆ ತಾಗಿ ಬೆಳಕಾಗ್ತಿತ್ತು, ಆದ್ರೆ ಚೋಕು, ಸ್ಟಾರ್ಟರು, ವೋಲ್ಟೇಜ್ ಕಮ್ಮಿ ಆದಾಗ ಪಕ ಪಕ ಅನ್ನೋದು ಇದೆಲ್ಲಾ ಇತ್ತು, 40 ವ್ಯಾಟಿನ ಟ್ಯೂಬಿಗೆ ಚೋಕ್ ಬೇರೆ ಹತ್ತು ವ್ಯಾಟ್ ಮೇಲೆ ತಿಂತಿತ್ತು. ಸಿಎಫ್ಎಲ್ ಬಂದಿದ್ದೂ ಅದೇ ಟ್ಯೂಬ್‌ಲೈಟನ್ನ ಸುತ್ತಿ ಸಣ್ಣದು ಮಾಡಿ. ಒಡೆದ್ರೆ ಪಾದರಸ ಹೊರಗೆ ಬರೋ ತಾಪತ್ರಯ ಅದಕ್ಕೂ ಇತ್ತು.

ಎಲ್‌ಇಡಿ ಈ ಎರಡು ದಾರಿನೂ ಹಿಡಿಯಲ್ಲ. ಅಲ್ಲಿ ಏನನ್ನೂ ಕೆಂಪಗೆ ಕಾಯಿಸೋದಿಲ್ಲ, ಯಾವ ಗ್ಯಾಸೂ ಇಲ್ಲ. ಅದೊಂದು ಡಯೋಡ್, ಅಂದ್ರೆ ಎರಡು ತರದ ಸೆಮಿಕಂಡಕ್ಟರ್ ಪದರಗಳನ್ನ ಜೋಡಿಸಿರೋ ಸಣ್ಣ ಹರಳು, ಕೆಲವು ಸಾಸಿವೆ ಕಾಳಿಗಿಂತ ಚಿಕ್ಕವು. ಒಂದು ಪದರದಲ್ಲಿ ಎಲೆಕ್ಟ್ರಾನ್ ಜಾಸ್ತಿ, ಇನ್ನೊಂದರಲ್ಲಿ ಎಲೆಕ್ಟ್ರಾನ್ ಇರಬೇಕಾದ ಜಾಗ ಖಾಲಿ, ಈ ಖಾಲಿ ಜಾಗಕ್ಕೆ ಹೋಲ್ ಅಂತಾರೆ. ಸರಿಯಾದ ದಿಕ್ಕಿಗೆ ವೋಲ್ಟೇಜ್ ಕೊಟ್ರೆ ಎರಡೂ ಕಡೆಯಿಂದ ಇವು ನಡುವಿನ ಗಡಿಗೆ ಬಂದು ಸೇರ್ತವೆ. ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಗಿನ ಖಾಲಿ ಜಾಗಕ್ಕೆ ಇಳಿಯುತ್ತೆ, ಅಟ್ಟದಿಂದ ತೆಂಗಿನಕಾಯಿ ಕೆಳಗೆ ಬಿದ್ದ ಹಂಗೆ. ಅಟ್ಟ ಎಷ್ಟು ಎತ್ತರವೋ ಬೀಳೋ ಹೊಡೆತ ಅಷ್ಟು ಜೋರು. ಇಲ್ಲಿ ಆ ಹೊಡೆತ ಬೆಳಕಿನ ಕಣವಾಗಿ, ಅಂದ್ರೆ ಫೋಟಾನ್ ಆಗಿ ಹೊರಗೆ ಬರುತ್ತೆ. ಎತ್ತರ ಕಮ್ಮಿ ಇದ್ರೆ ಕೆಂಪು, ಸ್ವಲ್ಪ ಜಾಸ್ತಿ ಆದ್ರೆ ಹಸಿರು, ಇನ್ನೂ ಜಾಸ್ತಿ ಆದ್ರೆ ನೀಲಿ. ಆ ಎತ್ತರಕ್ಕೆ ಬ್ಯಾಂಡ್ ಗ್ಯಾಪ್ ಅಂತ ಹೆಸರು, ಅದು ಹರಳು ಯಾವ ವಸ್ತುವಿಂದ ಆಗಿದೆ ಅನ್ನೋದರ ಮೇಲೆ ನಿಂತಿರುತ್ತೆ. ಅದಕ್ಕೇ ಕೆಂಪು ಎಲ್‌ಇಡಿ ಎರಡು ವೋಲ್ಟ್ ಹತ್ತಿರ ಉರಿಯುತ್ತೆ, ನೀಲಿಗೆ ಮೂರು ವೋಲ್ಟ್ ಹತ್ತಿರ ಬೇಕು. ಬಣ್ಣ ಬರೋದು ಮೇಲೆ ಹಾಕಿರೋ ಪ್ಲಾಸ್ಟಿಕ್ಕಿಂದ ಅಂತ ಬಹಳ ಜನ ಅನ್ಕೊಂಡಿದಾರೆ, ಅದು ಹರಳಿನ ಒಳಗಿಂದನೇ ಬರೋದು.

ಹಂಗಾದ್ರೆ ಕಂಪ್ಯೂಟರ್ ಚಿಪ್ಪಿಗೆ ಹಾಕೋ ಸಿಲಿಕಾನ್ ಯಾಕೆ ಬೆಳಗಲ್ಲ ಅಂತ ಕೇಳಬಹುದು, ಒಳ್ಳೆ ಪ್ರಶ್ನೆನೇ. ಸಿಲಿಕಾನ್ ಹರಳಿನ ಕಟ್ಟಡ ಹೆಂಗಿದೆ ಅಂದ್ರೆ ಎಲೆಕ್ಟ್ರಾನ್ ಇಳಿಯುವಾಗ ನೇರ ಇಳಿಯೋಕೆ ಆಗಲ್ಲ, ಹರಳಿನ ಕಂಪನದ ಜೊತೆ ಲೆಕ್ಕ ಚುಕ್ತಾ ಮಾಡ್ಕೊಂಡೇ ಇಳೀಬೇಕು, ಹಂಗಾಗಿ ಶಕ್ತಿ ಹೆಚ್ಚುಕಮ್ಮಿ ಎಲ್ಲಾ ಶಾಖವಾಗಿ ಹೋಗುತ್ತೆ. ಬೆಳಕಿಗೆ ಬೇಕಾಗಿದ್ದು ಗ್ಯಾಲಿಯಂ ಅನ್ನೋ ಲೋಹ ಇರೋ ಸಂಯುಕ್ತಗಳು.

ಹರಳಿಗೆ ಕರೆಂಟ್ ಕೊಟ್ರೆ ಬೆಳಗುತ್ತೆ ಅನ್ನೋದನ್ನ 1907ರಲ್ಲೇ ಹೆನ್ರಿ ರೌಂಡ್ ಅನ್ನೋರು ಸಿಲಿಕಾನ್ ಕಾರ್ಬೈಡ್‌ನಲ್ಲಿ ನೋಡಿದ್ರು. ಕಣ್ಣಿಗೆ ಕಾಣೋ ಕೆಂಪು ಬೆಳಕಿನ ಎಲ್‌ಇಡಿಯನ್ನ ಕೆಲಸಕ್ಕೆ ಬರೋ ಹಾಗೆ ಮಾಡಿದ್ದು 1962ರಲ್ಲಿ ನಿಕ್ ಹೊಲೊನ್ಯಾಕ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಲಿ. ಆಮೇಲೆ ಹಸಿರೂ ಬಂತು, ಹಳದಿನೂ ಬಂತು. ರೇಡಿಯೋ, ಟೇಪ್ ರೆಕಾರ್ಡರ್, ಸ್ಟೆಬಿಲೈಜರ್ ಮೇಲೆ ಮಿಣುಕ್ತಿದ್ದ ಇಂಡಿಕೇಟರ್‌ಗಳೆಲ್ಲಾ ಅವೇ. ಆದ್ರೆ ಮನೆ ಬೆಳಗೋಕೆ ಬಿಳಿ ಬೆಳಕು ಬೇಕು, ಬಿಳಿಗೆ ನೀಲಿ ಬೇಕೇ ಬೇಕು, ಕೆಲಸಕ್ಕೆ ಬರೋಷ್ಟು ಜೋರಾದ ಆ ನೀಲಿ ಮಾತ್ರ ಮೂವತ್ತು ವರ್ಷ ಯಾರ ಕೈಗೂ ಸಿಗ್ಲಿಲ್ಲ.

ನನ್ನ ಪ್ರಕಾರ ಇಡೀ ಎಲ್‌ಇಡಿ ಕಥೇಲಿ ಇದೇ ದೊಡ್ಡ ಭಾಗ. ನೀಲಿಗೆ ಗ್ಯಾಲಿಯಂ ನೈಟ್ರೈಡ್ ಸರಿಯಾದ ವಸ್ತು ಅಂತ ಗೊತ್ತಿತ್ತು, ಆದ್ರೆ ಅದರ ಹರಳು ಬೆಳೆಸೋದು ಬಹಳ ಕಷ್ಟ. ನೀಲಮಣಿಯ ಅಂದ್ರೆ ಸಫೈರ್‌ನ ತಟ್ಟೆ ಮೇಲೆ ಬೆಳೆಸೋಕೆ ಹೋದ್ರೆ ಎರಡರ ಪರಮಾಣು ಸಾಲುಗಳು ಒಂದಕ್ಕೊಂದು ಕೂಡ್ತಿರ್ಲಿಲ್ಲ, ಹರಳೆಲ್ಲಾ ಬಿರುಕು, ದೋಷ. ಬಹಳ ಜನ ಕೈಬಿಟ್ಟು ಬೇರೆ ವಸ್ತುಗಳ ಹಿಂದೆ ಹೋದ್ರು. ಜಪಾನಿನ ನಗೋಯಾದಲ್ಲಿ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ ಬಿಡ್ಲಿಲ್ಲ. ನೀಲಮಣಿ ಮೇಲೆ ಮೊದಲು ಅಲ್ಯೂಮಿನಿಯಂ ನೈಟ್ರೈಡ್‌ನ ತೆಳು ಪದರ ಹಾಕಿ ಆಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿದ್ರು, 1986ರ ಹೊತ್ತಿಗೆ ಒಳ್ಳೆ ಹರಳು ಸಿಕ್ತು. ಇನ್ನೊಂದು ತೊಡಕು ಹೋಲ್‌ಗಳಿರೋ ಪದರದ್ದು. ಅದಕ್ಕೆ ಮೆಗ್ನೀಷಿಯಂ ಬೆರೆಸಿದ್ರೂ ಅದು ಕೆಲಸ ಮಾಡ್ತಿರ್ಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಅದೇ ಹರಳನ್ನ ನೋಡ್ತಿದ್ದಾಗ ಅದು ಮೊದಲಿಗಿಂತ ಜೋರಾಗಿ ಹೊಳೆಯೋದು ಅವರ ಕಣ್ಣಿಗೆ ಬಿತ್ತು, ಎಲೆಕ್ಟ್ರಾನ್ ಕಿರಣ ಬಿದ್ದಿದ್ದರಿಂದ ಪದರ ಎಚ್ಚರ ಆಗಿತ್ತು. ಇತ್ತ ತೊಕುಶಿಮಾದ ನಿಚಿಯಾ ಅನ್ನೋ ಕಂಪನಿಲಿದ್ದ ಶುಜಿ ನಕಾಮುರಾ ಅದರ ಕಾರಣ ಕಂಡುಹಿಡಿದ್ರು. ಹರಳೊಳಗೆ ಸೇರ್ಕೊಂಡಿದ್ದ ಹೈಡ್ರೋಜನ್ ಮೆಗ್ನೀಷಿಯಮ್ಮನ್ನ ಕಟ್ಟಿಹಾಕಿತ್ತು, ಅದನ್ನ ಓಡಿಸೋಕೆ ಎಲೆಕ್ಟ್ರಾನ್ ಕಿರಣ ಬೇಡ, ಸುಮ್ಮನೆ ಕಾಯಿಸಿದ್ರೆ ಸಾಕು. ಕಾರ್ಖಾನೇಲಿ ಲಕ್ಷಗಟ್ಟಲೆ ಮಾಡೋಕೆ ದಾರಿ ತೆರೆದಿದ್ದು ಅದೇ. 1990ರ ದಶಕದ ಮೊದಲ ಭಾಗದಲ್ಲಿ ಜೋರಾದ ನೀಲಿ ಎಲ್‌ಇಡಿ ಮಾರ್ಕೆಟ್ಟಿಗೆ ಬಂತು, 2014ರಲ್ಲಿ ಈ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ನೀಲಿ ಸಿಕ್ಕ ಮೇಲೆ ಬಿಳಿ ಮಾಡೋದು ಸುಲಭ ಆಯ್ತು. ನೀಲಿ ಚಿಪ್ ಮೇಲೆ ಹಳದಿ ಪುಡಿ ಬೆರೆಸಿದ ಅಂಟು ಸುರೀತಾರೆ, ಈ ಪುಡಿಗೆ ಫಾಸ್ಫರ್ ಅಂತಾರೆ. ನೀಲಿ ಬೆಳಕಲ್ಲಿ ಒಂದಷ್ಟು ಹಂಗೇ ಹೊರಗೆ ಬರುತ್ತೆ, ಒಂದಷ್ಟನ್ನ ಪುಡಿ ಹೀರ್ಕೊಂಡು ಹಳದಿಯಾಗಿ ಬಿಡುತ್ತೆ, ಎರಡೂ ಕಣ್ಣಲ್ಲಿ ಕೂಡಿದಾಗ ನಮಗೆ ಬಿಳಿ ಅಂತ ಕಾಣುತ್ತೆ. ಕೆಟ್ಟಿರೋ ಬಲ್ಬಿನ ಬಿಳಿ ಟೊಪ್ಪಿಗೆ ತೆಗೆದು ನೋಡ್ರಿ, ಒಳಗೆ ಸಣ್ಣ ಸಣ್ಣ ಹಳದಿ ಚೌಕಗಳು ಕಾಣ್ತವೆ, ಅದೇ ಆ ಪುಡಿ. ಪುಡಿ ಕಮ್ಮಿ ಹಾಕಿದ್ರೆ ನೀಲಿ ಛಾಯೆಯ ಬಿಳಿ, ಇದು ನಮ್ಮಲ್ಲಿ ಎಲ್ಲಾ ಕಡೆ ಸಿಗೋ 6500 ಕೆಲ್ವಿನ್ ಕೂಲ್ ಡೇಲೈಟ್. ಪುಡಿ ಜಾಸ್ತಿ ಮಾಡಿ ಕೆಂಪು ಬಿಡೋ ಪುಡಿನೂ ಸೇರಿಸಿದ್ರೆ ಹಳೇ ಬಲ್ಬಿನ ತರ 2700 ಕೆಲ್ವಿನ್ ವಾರ್ಮ್ ವೈಟ್. ಕೆಲ್ವಿನ್ ನಂಬರ್ ಜಾಸ್ತಿ ಇದ್ರೆ ಬೆಳಕು ಜಾಸ್ತಿ ಅಂತ ಅಲ್ಲ, ಅದು ಬರೀ ಬಣ್ಣದ ಛಾಯೆ ಹೇಳುತ್ತೆ. ಬೆಳಕು ಎಷ್ಟು ಅನ್ನೋದಕ್ಕೆ ಲ್ಯುಮೆನ್ ನೋಡ್ಬೇಕು.

ಇಲ್ಲಿ ಇನ್ನೊಂದು ನಂಬರ್ ಐತೆ, ಅದರ ಬಗ್ಗೆ ಅಂಗಡಿಲಿ ಯಾರೂ ಕೇಳಲ್ಲ, ಕೇಳ್ಬೇಕು ಅನ್ನೋದು ನನ್ನ ಆಸೆ. ಅದು ಸಿಆರ್‌ಐ, ಅಂದ್ರೆ ಆ ಬೆಳಕಲ್ಲಿ ವಸ್ತುಗಳ ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅಂತ ನೂರಕ್ಕೆ ಕೊಡೋ ಅಂಕ. ಸೂರ್ಯನ ಬೆಳಕಲ್ಲಿ ಎಲ್ಲಾ ಬಣ್ಣಗಳೂ ತುಂಬಿಕೊಂಡಿರ್ತವೆ. ನೀಲಿ ಚಿಪ್ಪು ಹಳದಿ ಪುಡಿ ಸೇರಿ ಆದ ಬಿಳಿ ನೋಡೋಕೆ ಬಿಳಿನೇ, ಆದ್ರೆ ಅದರೊಳಗೆ ಗಾಢ ಕೆಂಪು ಕಮ್ಮಿ ಇರುತ್ತೆ, ಇಲ್ಲದ ಬಣ್ಣವನ್ನ ಬಟ್ಟೆ ವಾಪಸ್ ಕಳಿಸೋಕೆ ಆಗಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆ ತಗೋರಿ, ಒಡಲು ಮೆರೂನ್, ಅಂಚು ಕುಂಕುಮ ಕೆಂಪು ಇದ್ರೆ ಕಳಪೆ ಎಲ್‌ಇಡಿ ಕೆಳಗೆ ಎರಡೂ ಕಂದು ಕಂದಾಗಿ ಒಂದೇ ತರ ಕಾಣ್ತವೆ. ಮಗ್ಗದ ಮುಂದೆ ಕೂತು ಲಾಳಿಗೆ ಯಾವ ನೂಲು ಹಾಕ್ಬೇಕು ಅಂತ ಆರಿಸೋರಿಗೆ ಇದು ಸಣ್ಣ ವಿಷ್ಯ ಅಲ್ಲ. ಎರಡು ಸಲ ಬೇರೆ ಬೇರೆ ಬಣ್ಣ ಹಾಕಿಸಿದ ನೂಲು ರಾತ್ರಿ ಲೈಟಲ್ಲಿ ಒಂದೇ ಅನ್ಸಿ ನೇಯ್ದುಬಿಟ್ರೆ ಬೆಳಿಗ್ಗೆ ಬಿಸಿಲಲ್ಲಿ ಸೆರಗಿನ ನಡುವೆ ಪಟ್ಟೆ ಎದ್ದು ಕಾಣುತ್ತೆ. ದಾವಣಗೆರೆ ಬಟ್ಟೆ ಅಂಗಡಿಗಳಲ್ಲಿ ಹೆಂಗಸರು ಸೀರೆನ ಬಾಗಿಲ ತನಕ ತಂದು ಹಗಲು ಬೆಳಕಿಗೆ ಹಿಡಿದು ನೋಡ್ತಾರಲ್ಲ, ಅದು ಬಹಳ ಸರಿಯಾದ ಪರೀಕ್ಷೆ. ಸಾಮಾನ್ಯ ಬಲ್ಬಿಗೆ ಸಿಆರ್‌ಐ 80 ಇರುತ್ತೆ, ಮನೆಗೆ ಸಾಕು. ಆದ್ರೆ ಈ ನಂಬರನ್ನ ಲೆಕ್ಕ ಹಾಕೋದು ಎಂಟು ತಿಳಿ ಬಣ್ಣಗಳ ಮೇಲೆ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಅಂತ ಬೇರೆ ಲೆಕ್ಕ ಐತೆ. ನೇಕಾರರು, ಟೈಲರ್‌ಗಳು, ಬಟ್ಟೆ ಅಂಗಡಿಯವ್ರು ಸಿಆರ್‌ಐ 90ರ ಮೇಲೆ ಇರೋದನ್ನೇ, ಆರ್9 ಕೂಡ ಬರ್ದಿರೋದನ್ನ ಕೇಳಿ ತರಿಸ್ಕೊಂಡ್ರೆ ಕೊಟ್ಟ ಜಾಸ್ತಿ ದುಡ್ಡಿಗೆ ಮೋಸ ಇಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರ್ತೀನಿ, ಬಲ್ಬ್ ಯಾಕೆ ಹೋಗುತ್ತೆ. 9 ವ್ಯಾಟಿನ ಬಲ್ಬಲ್ಲಿ ಬೆಳಕಾಗೋದು ಸುಮಾರು 3 ವ್ಯಾಟ್, ಮಿಕ್ಕ 6 ವ್ಯಾಟ್ ಶಾಖನೇ. ಎಲ್‌ಇಡಿ ಬಿಸಿ ಆಗಲ್ಲ ಅನ್ನೋದು ತಪ್ಪು ತಿಳುವಳಿಕೆ. ಹಳೇ ಬಲ್ಬು ಶಾಖವನ್ನ ಕಿರಣವಾಗಿ ಮುಂದಕ್ಕೆ ಎಸೀತಿತ್ತು, ಅದಕ್ಕೆ ಬಿಸಿಯಾಗೋದ್ರಿಂದ ತೊಂದ್ರೆನೇ ಇರ್ಲಿಲ್ಲ. ಎಲ್‌ಇಡಿ ಬೆಳಕನ್ನ ಮಾತ್ರ ಮುಂದೆ ಕಳಿಸುತ್ತೆ, ಶಾಖ ಚಿಪ್ಪಿನ ಬೆನ್ನಲ್ಲಿ ಉಳ್ಕೊಳ್ಳುತ್ತೆ, ಅದು ಲೋಹದ ಮೂಲಕ ಹರಿದೇ ಹೊರಗೆ ಹೋಗ್ಬೇಕು. ಅದಕ್ಕೇ ಚಿಪ್‌ಗಳನ್ನ ಅಲ್ಯೂಮಿನಿಯಂ ತಟ್ಟೆ ಮೇಲೆ ಕೂರಿಸಿರ್ತಾರೆ, ತಟ್ಟೆನ ಬಲ್ಬಿನ ಮೈಗೆ ಒತ್ತಿರ್ತಾರೆ, ಆ ಮೈ ಒಳಗೂ ಲೋಹ ಇದ್ರೆ ಶಾಖ ಗಾಳಿಗೆ ಹೋಗುತ್ತೆ. ದುಡ್ಡು ಉಳಿಸೋರು ಮೊದಲು ಕತ್ತರಿ ಹಾಕೋದೇ ಇಲ್ಲಿ. ತಟ್ಟೆ ತೆಳು, ಮೈ ಬರೀ ಪ್ಲಾಸ್ಟಿಕ್, ಚಿಪ್ ಕಮ್ಮಿ ಹಾಕಿ ಒಂದೊಂದಕ್ಕೂ ಕರೆಂಟ್ ಜಾಸ್ತಿ. ಒಂದೇ ವ್ಯಾಟಿನ ಎರಡು ಬಲ್ಬನ್ನ ಎರಡು ಕೈಲಿ ಹಿಡಿದು ನೋಡ್ರಿ, ತೂಕದಲ್ಲೇ ಬಹಳಷ್ಟು ಗೊತ್ತಾಗುತ್ತೆ.

ಡ್ರೈವರಿನ ಕಷ್ಟ ಇನ್ನೂ ಜಾಸ್ತಿ. ಲೈನಲ್ಲಿ ಬರೋದು 230 ವೋಲ್ಟ್ ಎಸಿ, ಚಿಪ್‌ಗೆ ಬೇಕಾಗಿದ್ದು ಹದವಾದ ಡಿಸಿ, ಅದೂ ಇಷ್ಟೇ ಕರೆಂಟ್ ಅಂತ ನಿಗಾ ಇಟ್ಟು ಕೊಡ್ಬೇಕು, ಯಾಕಂದ್ರೆ ಎಲ್‌ಇಡಿಗೆ ವೋಲ್ಟೇಜ್ ಚೂರು ಜಾಸ್ತಿ ಆದ್ರೂ ಕರೆಂಟ್ ಒಂದೇ ಸಲ ಏರಿಬಿಡುತ್ತೆ. ನಾಲ್ಕು ಡಯೋಡಿನ ಬ್ರಿಡ್ಜ್ ಎಸಿನ ಡಿಸಿ ಮಾಡುತ್ತೆ, ಒಂದು ಉರುಟು ಕೆಪಾಸಿಟರ್ ಏರಿಳಿತ ತುಂಬುತ್ತೆ, ಐಸಿ ಅನ್ನೋ ಸಣ್ಣ ಕಪ್ಪು ಬಿಲ್ಲೆ ಕರೆಂಟ್ ಮೇಲೆ ನಿಗಾ ಇಡುತ್ತೆ. ಆ ಕೆಪಾಸಿಟರ್ ಒಳಗೆ ದ್ರವ ಇರುತ್ತೆ, ಕಾದಷ್ಟೂ ಅದು ಒಣಗುತ್ತೆ, ಹತ್ತು ಡಿಗ್ರಿ ಬಿಸಿ ಜಾಸ್ತಿ ಆದ್ರೆ ಅದರ ಆಯಸ್ಸು ಅರ್ಧ ಅಂತ ಎಲೆಕ್ಟ್ರಾನಿಕ್ಸ್‌ನವ್ರು ಇಟ್ಕೊಂಡಿರೋ ಲೆಕ್ಕ. ನಮ್ಮ ಕಡೆ ಏಪ್ರಿಲ್ ಬಂತು ಅಂದ್ರೆ 38, 40 ಡಿಗ್ರಿ, ಶೀಟ್ ಮನೆ ಆದ್ರೆ ಛಾವಣಿ ಹತ್ರ ಇನ್ನೂ ಜಾಸ್ತಿ, ಅದರ ಮೇಲೆ ಬಲ್ಬಿನದ್ದೇ ಶಾಖ. ಹಂಗಾಗಿ ಪೂರ್ತಿ ಮುಚ್ಚಿದ ಗಾಜಿನ ಗ್ಲೋಬೊಳಗೆ, ಗಾಳಿ ಆಡದ ಫಾಲ್ಸ್ ಸೀಲಿಂಗಲ್ಲಿ, ಒಲೆ ಮೇಲ್ಗಡೆ ನೇರಕ್ಕೆ ಹಾಕಿದ ಬಲ್ಬುಗಳು ಬೇಗ ಹೋಗ್ತವೆ. ಅದೇ ಬಲ್ಬನ್ನ ಜಗಲಿಲಿ, ಗಾಳಿ ಬರೋ ಕಡೆ ಹಾಕಿದ್ರೆ ವರ್ಷಗಟ್ಟಲೆ ಉರಿಯುತ್ತೆ. ಹಳ್ಳಿ ಕಡೆ ಇನ್ನೊಂದು ಐತೆ, ಟ್ರಾನ್ಸ್‌ಫಾರ್ಮರ್ ಹತ್ರ ನ್ಯೂಟ್ರಲ್ ಕಟ್ಟಾದ್ರೆ ಮನೆಗೆ 230ರ ಬದಲು 300 ದಾಟಿ ಬರುತ್ತೆ, ಊರಿನ ಅರ್ಧ ಬಲ್ಬ್ ಒಂದೇ ಸಲ ಸುಟ್ಟು ಹೋಗೋದು ಹಿಂಗೇ.

ಸತ್ತ ಬಲ್ಬನ್ನ ಬಿಚ್ಚಿ ನೋಡಿದ್ರೆ ಕಥೆ ಕಣ್ಣಿಗೇ ಕಾಣುತ್ತೆ. ಹಳದಿ ಚೌಕಗಳ ಸಾಲಲ್ಲಿ ಒಂದರ ನಡುವೆ ಮೊಳೆ ತುದಿ ತಾಗಿಸಿದಷ್ಟು ಸಣ್ಣ ಕಪ್ಪು ಚುಕ್ಕೆ ಇರುತ್ತೆ. ಒಳಗಿನ ಕೂದಲೆಳೆಯಂತ ತಂತಿ ಸುಟ್ಟು ತುಂಡಾಗಿರೋ ಗುರುತು ಅದು. ಎಲ್ಲಾ ಚಿಪ್ಪೂ ಸೀರಿಯಲ್ಲಾಗಿ ಒಂದರ ಹಿಂದೆ ಒಂದು ಇರೋದ್ರಿಂದ ಒಂದು ತುಂಡಾದ್ರೆ ಎಲ್ಲಕ್ಕೂ ಕರೆಂಟ್ ನಿಲ್ಲುತ್ತೆ, ಮಿಕ್ಕವೆಲ್ಲಾ ಚೆನ್ನಾಗಿದ್ರೂ ಬಲ್ಬ್ ಕತ್ತಲೆ. ರಿಪೇರಿ ಮಾಡೋ ಹುಡುಗರು ಆ ಸುಟ್ಟ ಚಿಪ್ ಕಿತ್ತು ಅದರ ಎರಡು ಕಾಲನ್ನ ಸೋಲ್ಡರ್ ಹಾಕಿ ಕೂಡಿಸಿಬಿಡ್ತಾರೆ, ಬಲ್ಬ್ ಮತ್ತೆ ಹತ್ಕೊಳ್ಳುತ್ತೆ. ಒಂದು ಚಿಪ್ ಆದ್ರೆ ಪರವಾಗಿಲ್ಲ, ಎರಡು ಮೂರು ಹಿಂಗೇ ಮಾಡಿದ್ರೆ, ಅದ್ರಲ್ಲೂ ಕಮ್ಮಿ ಬೆಲೆಯ ಡ್ರೈವರ್ ಇದ್ರೆ, ಅಲ್ಲಿ ಉಳಿದ ವೋಲ್ಟೇಜೆಲ್ಲಾ ಐಸಿ ಮೇಲೆ ಶಾಖವಾಗಿ ಬಿದ್ದು ಅದೇ ಸುಡುತ್ತೆ. ಸುಟ್ಟ ಜಾಗಕ್ಕೆ ಅದೇ ವೋಲ್ಟೇಜಿನ ಹೊಸ ಚಿಪ್ ಹಾಕೋದು ಸರಿಯಾದ ಕೆಲಸ. ಮನೇಲೇ ಮಾಡೋರಿಗೆ ಒಂದು ಮಾತು: ಬಹಳಷ್ಟು ಬಲ್ಬುಗಳಲ್ಲಿ ಆ ತಟ್ಟೆಗೂ ಮೇನ್ ಲೈನಿಗೂ ನಡುವೆ ಯಾವ ಅಡ್ಡ ಗೋಡೆನೂ ಇರಲ್ಲ, ಟೊಪ್ಪಿಗೆ ತೆಗೆದು ಹೋಲ್ಡರಿಗೆ ಹಾಕಿ ಬೆರಳು ಇಟ್ರೆ 230 ವೋಲ್ಟೇ ಹೊಡೆಯೋದು. ಮಕ್ಕಳ ಕೈಗೆ ಅಂಥದ್ದು ಸಿಗೋದು ಬೇಡ.

ಅಂದಹಾಗೆ 25,000 ಗಂಟೆ ಅಂದ್ರೆ ಅಷ್ಟೊತ್ತಿಗೆ ಬಲ್ಬ್ ಆರಿಹೋಗುತ್ತೆ ಅಂತ ಅಲ್ಲ, ಬೆಳಕು ಹೊಸದರ 70 ಪರ್ಸೆಂಟಿಗೆ ಇಳಿಯೋ ಹೊತ್ತು ಅದು. ದಿನಕ್ಕೆ 5 ಗಂಟೆ ಉರಿಸಿದ್ರೆ 13 ವರ್ಷದ ಮೇಲೆ ಆಗುತ್ತೆ. ಚಿಪ್ಪಿಗೆ ಅಷ್ಟು ಆಯಸ್ಸು ನಿಜವಾಗ್ಲೂ ಐತೆ, ಅದರ ಹಿಂದಿನ ಡ್ರೈವರ್ ಅಷ್ಟು ದಿನ ಬಾಳ್ಬೇಕು ಅಷ್ಟೇ. ಅದಕ್ಕೆ ಬಾಕ್ಸ್ ಮೇಲೆ ಗಂಟೆ ನೋಡೋ ಬದಲು ಗ್ಯಾರಂಟಿ ಎಷ್ಟು ವರ್ಷ ಅಂತ ನೋಡ್ರಿ, ಗುಣಮಟ್ಟಕ್ಕೆ ಕೊಡೋ ಬಿಐಎಸ್ ಗುರುತಿನ ಜೊತೆ ಆರ್ ಅಂತ ಶುರುವಾಗೋ ನಂಬರ್ ಇದೆಯಾ, ಕರೆಂಟ್ ಉಳಿತಾಯಕ್ಕೆ ಕೊಡೋ ಬಿಇಇ ಸ್ಟಾರ್ ಲೇಬಲ್ ಇದೆಯಾ, ಲ್ಯುಮೆನ್ ಬರ್ದಿದಾರಾ ನೋಡ್ರಿ. 9 ವ್ಯಾಟಿಗೆ 900 ಲ್ಯುಮೆನ್ ಹತ್ರ ಇದ್ರೆ ಒಳ್ಳೇದು. ಸಂತೇಲಿ ರಾಶಿ ಹಾಕಿ ಮಾರೋ ಹೆಸರಿಲ್ಲದ ಬಲ್ಬಲ್ಲಿ ಇದ್ಯಾವುದೂ ಇರಲ್ಲ.

ಸ್ವಿಚ್ ಆಫ್ ಮಾಡಿದ್ರೂ ರಾತ್ರಿ ಬಲ್ಬ್ ಮಿಣ ಮಿಣ ಅನ್ನುತ್ತೆ ಅಂತ ಬಹಳ ಮನೇಲಿ ಹೇಳ್ತಾರೆ, ದೆವ್ವ ಭೂತ ಏನೂ ಅಲ್ಲ. ಒಂದೋ ಸ್ವಿಚ್ಚನ್ನ ಫೇಸ್ ಬದಲು ನ್ಯೂಟ್ರಲ್ಲಿಗೆ ಹಾಕಿರ್ತಾರೆ, ಇಲ್ಲಾ ಸ್ವಿಚ್ಚಲ್ಲೇ ಇಂಡಿಕೇಟರ್ ಇದ್ದು ಅದರ ಮೂಲಕ ಸಣ್ಣ ಕರೆಂಟ್ ಹರಿಯುತ್ತೆ. ಹಳೇ ಬಲ್ಬಿಗೆ ಅಷ್ಟು ಕರೆಂಟ್ ಲೆಕ್ಕಕ್ಕೇ ಬರ್ತಿರ್ಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಸ್ವಿಚ್ ನ್ಯೂಟ್ರಲ್ಲಲ್ಲಿ ಇದ್ರೆ ಎಲೆಕ್ಟ್ರಿಷಿಯನ್ ಕರೆದು ಬದಲಾಯಿಸ್ಲೇಬೇಕು, ಯಾಕಂದ್ರೆ ಸ್ವಿಚ್ ಆಫ್ ಇದ್ರೂ ಹೋಲ್ಡರಲ್ಲಿ ಫೇಸ್ ಇರುತ್ತೆ, ಬಲ್ಬ್ ಬದಲಿಸೋರಿಗೆ ಶಾಕ್ ಹೊಡೆಯುತ್ತೆ. ಇನ್ನು ಇನ್ವರ್ಟರ್ ಬಲ್ಬು, ಅಂಗಡಿಯವ್ರು ಕೈಲಿ ಹಿಡಿದು ಹೊತ್ತಿಸಿ ತೋರಿಸ್ತಾರಲ್ಲ, ಅದು. ಒಳಗೆ ಒಂದು ಲಿಥಿಯಂ ಬ್ಯಾಟರಿ ಇರುತ್ತೆ, ಕರೆಂಟ್ ಹೋದಾಗ ಅದರಿಂದ ಉರಿಯುತ್ತೆ. ಕರೆಂಟ್ ಹೋಯ್ತಾ ಇಲ್ಲಾ ಯಾರೋ ಸ್ವಿಚ್ ಆಫ್ ಮಾಡಿದ್ರಾ ಅನ್ನೋದು ಅದಕ್ಕೆ ಗೊತ್ತಾಗೋದು ಹೆಂಗೆ ಅಂದ್ರೆ, ಕರೆಂಟ್ ಹೋದಾಗ ಸ್ವಿಚ್ ಆನ್ ಇರೋದ್ರಿಂದ ಮನೆ, ಬೀದಿಯ ಬೇರೆ ಸಾಮಾನುಗಳ ಮೂಲಕ ಅದರ ಎರಡು ತುದಿಗೂ ಒಂದು ದಾರಿ ಕೂಡಿರುತ್ತೆ, ಸ್ವಿಚ್ ಆಫ್ ಮಾಡಿದ್ರೆ ಆ ದಾರಿ ಕಡಿದಿರುತ್ತೆ. ಅಂಗಡಿಲಿ ಕೈಬೆರಳು ಆ ದಾರಿನ ಕೂಡಿಸುತ್ತೆ.

ಬೆಲೆ ವಿಷ್ಯಕ್ಕೆ ಬಂದ್ರೆ ಎಲ್‌ಇಡಿ ಬಲ್ಬು ಇಷ್ಟು ಬೇಗ ಮನೆಮನೆಗೆ ಬಂದಿದ್ದಕ್ಕೆ ದೊಡ್ಡ ಕಾರಣ ಸರ್ಕಾರ ಒಟ್ಟಿಗೆ ಖರೀದಿ ಮಾಡಿದ್ದು. 2015ರ ಜನವರಿ 5ಕ್ಕೆ ಕಮ್ಮಿ ಬೆಲೆಗೆ ಎಲ್‌ಇಡಿ ಬಲ್ಬ್ ಹಂಚೋ ಉಜಾಲಾ ಯೋಜನೆ ಶುರುವಾಯ್ತು, ಇಇಎಸ್ಎಲ್ ಅನ್ನೋ ಸರ್ಕಾರಿ ಸಂಸ್ಥೆ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೀತು. 2014ರಲ್ಲಿ ಒಂದು ಬಲ್ಬಿನ ಖರೀದಿ ಬೆಲೆ 310 ರೂಪಾಯಿ ಇದ್ದಿದ್ದು 2016ಕ್ಕೆ 38 ರೂಪಾಯಿಗೆ ಬಂತು. ಇಲ್ಲಿ ತನಕ 36 ಕೋಟಿಗೂ ಜಾಸ್ತಿ ಬಲ್ಬ್ ಹಂಚಿದಾರೆ. ನಮ್ಮಲ್ಲಿ ಹೊಸ ಬೆಳಕು ಅಂತ ಹೆಸರಿಟ್ಟು ಬಂದಿದ್ದು ಅದೇ. ಉಳಿತಾಯ ನೀವೇ ಲೆಕ್ಕ ಹಾಕ್ರಿ, 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದ್ರೆ ತಿಂಗಳಿಗೆ 9 ಯೂನಿಟ್, ಅದೇ ಜಾಗದಲ್ಲಿ 9 ವ್ಯಾಟ್ ಎಲ್‌ಇಡಿ ಆದ್ರೆ ಒಂದೂವರೆ ಯೂನಿಟ್ಟೂ ಇಲ್ಲ. ಗೃಹಜ್ಯೋತಿ ಇದೆ, ಕರೆಂಟ್ ಫ್ರೀ ಅಂತ ಸುಮ್ನಿರೋರೂ ಇದಾರೆ, ಆದ್ರೆ ಅಲ್ಲಿ 200 ಯೂನಿಟ್ ಅನ್ನೋದು ಮೇಲಿನ ಮಿತಿ, ಪ್ರತಿ ಮನೆಗೂ ಹಳೇ ಸರಾಸರಿ ಮೇಲೆ ಅವರದ್ದೇ ಮಿತಿ ಇರುತ್ತೆ, ಅದು ದಾಟಿದ್ರೆ ಬೆಸ್ಕಾಂ ಬಿಲ್ ಬಂದೇ ಬರುತ್ತೆ. ನಾಲ್ಕೈದು ಹಳೇ ಟ್ಯೂಬ್ ಬದಲಿಸಿದ್ರೆ ಆ ಗಡಿ ಒಳಗೆ ಇರೋಕೆ ಅನುಕೂಲ.

ಬೀದಿ ದೀಪದಲ್ಲಿ ಬದಲಾವಣೆ ಇನ್ನೂ ಎದ್ದು ಕಾಣುತ್ತೆ. ಪಿಬಿ ರೋಡು, ಹದಡಿ ರೋಡಲ್ಲಿ ಓಡಾಡಿದವ್ರಿಗೆ ಹಳೇ ಸೋಡಿಯಂ ದೀಪದ ಕಿತ್ತಳೆ ಬೆಳಕು ನೆನಪಿರುತ್ತೆ. ಅದು ವ್ಯಾಟಿಗೆ ಕೊಡೋ ಲ್ಯುಮೆನ್ ಕಮ್ಮಿ ಏನಿರ್ಲಿಲ್ಲ, ಸುಮಾರು ನೂರರ ಹತ್ರ ಇತ್ತು. ಆದ್ರೆ ಬೆಳಕು ಸುತ್ತಲೂ ಹೋಗ್ತಿತ್ತು, ಹಿಂದೆ ತಗಡಿನ ರಿಫ್ಲೆಕ್ಟರ್ ಇಟ್ಟು ರೋಡಿಗೆ ತಿರುಗಿಸ್ಬೇಕಿತ್ತು, ಅಲ್ಲಿ ಬಹಳಷ್ಟು ಸೋರಿಹೋಗ್ತಿತ್ತು. ಬಣ್ಣ ಅಂತೂ ಗೊತ್ತೇ ಆಗ್ತಿರ್ಲಿಲ್ಲ, ಕೆಂಪು ಬೈಕೋ ಕಂದು ಬೈಕೋ ಹೇಳೋಕಾಗ್ತಿರ್ಲಿಲ್ಲ. ಕರೆಂಟ್ ಹೋಗಿ ಬಂದ್ರೆ ಮತ್ತೆ ಹತ್ಕೊಳ್ಳೋಕೆ ನಿಮಿಷಗಟ್ಟಲೆ ಬೇಕಿತ್ತು. ಎಲ್‌ಇಡಿ ಹುಟ್ಟಿನಿಂದಲೇ ಒಂದೇ ಕಡೆಗೆ ಬೆಳಕು ಬಿಡುತ್ತೆ, ಮೇಲೆ ಸಣ್ಣ ಲೆನ್ಸ್ ಇಟ್ರೆ ಬೇಕಾದ ಕಡೆಗಷ್ಟೇ ಬೀಳುತ್ತೆ, ಹಾಗಾಗಿ ಕಮ್ಮಿ ವ್ಯಾಟಲ್ಲಿ ಅದೇ ರೋಡನ್ನ ಬೆಳಗಬಹುದು. ದೇಶದಲ್ಲಿ 1.3 ಕೋಟಿಗೂ ಹೆಚ್ಚು ಬೀದಿ ದೀಪ ಹಿಂಗೆ ಬದಲಾಗಿವೆ. ಜಾತ್ರೆ ಸೀರಿಯಲ್ ಸೆಟ್ಟುಗಳೂ ಅಷ್ಟೇ, ಮೊದಲು ದೊಡ್ಡ ಜನರೇಟರ್ ಬೇಕಾಗಿದ್ದ ಅಲಂಕಾರ ಈಗ ಸಣ್ಣದರಲ್ಲಿ ಮುಗಿಯುತ್ತೆ.

ಆದ್ರೆ ಇಲ್ಲಿ ನಂಗೆ ಒಂದು ತಕರಾರು ಐತೆ. ಸುಮಾರು ಕಡೆ ಹಾಕಿರೋದು 5700, 6500 ಕೆಲ್ವಿನ್ನಿನ ಕಣ್ಣು ಕುಕ್ಕೋ ಬಿಳಿ. ನಮ್ಮ ಕಣ್ಣಲ್ಲಿ ನೋಡೋ ಕೆಲಸ ಬಿಟ್ಟು ಹಗಲು ರಾತ್ರಿ ಲೆಕ್ಕ ಇಡೋ ಬೇರೆ ಕೋಶಗಳು ಇರ್ತವೆ, ಅವಕ್ಕೆ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ರೆ ಇನ್ನೂ ಹಗಲೇ ಅಂತ ಮೆದುಳಿಗೆ ಸುದ್ದಿ ಹೋಗುತ್ತೆ, ನಿದ್ದೆ ತರೋ ಮೆಲಟೋನಿನ್ ಕಮ್ಮಿ ಆಗುತ್ತೆ. ಮಲಗೋ ಕೋಣೆ ಕಿಟಕಿಗೆ ನೇರ ಬೀದಿ ದೀಪ ಇದ್ದವ್ರಿಗೆ ಇದು ದಿನಾ ತೊಂದ್ರೆ. ವಯಸ್ಸಾದವ್ರಿಗೆ, ಕಣ್ಣಲ್ಲಿ ಪೊರೆ ಶುರುವಾದವ್ರಿಗೆ ಆ ಬೆಳಕು ಚದುರಿ ಎದುರಿನ ಗುಂಡಿನೇ ಕಾಣಲ್ಲ. ಭದ್ರಾ ಕಾಲುವೆ ಕೆಳಗಿನ ಗದ್ದೆ ಊರುಗಳಲ್ಲಿ ಮಳೆಗಾಲದಲ್ಲಿ ದೀಪಕ್ಕೆ ಹುಳ ಮುತ್ತೋದು ನೋಡೇ ಇರ್ತೀರಿ, ನೀಲಿ ಜಾಸ್ತಿ ಇರೋ ಬೆಳಕಿಗೆ ಹುಳ ಜಾಸ್ತಿ, ವಾರ್ಮ್ ಬೆಳಕಿಗೆ ಕಮ್ಮಿ. ಗಿಡಗಳಿಗೂ ಬೆಳಕು ಲೆಕ್ಕಕ್ಕೆ ಬರುತ್ತೆ. ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ತೋಟಕ್ಕೆ ರಾತ್ರಿ ಬಲ್ಬ್ ಹಾಕೋದು ಇದಕ್ಕೇ, ರಾತ್ರಿ ಉದ್ದ ಆದಾಗ ಮಾತ್ರ ಹೂ ಬಿಡೋ ಗಿಡ ಅದು, ನಡುರಾತ್ರಿ ಬೆಳಕು ಬಿದ್ರೆ ಹೂ ಬಿಡೋದನ್ನ ಮುಂದಕ್ಕೆ ಹಾಕುತ್ತೆ, ರೈತರು ಹಬ್ಬಕ್ಕೆ ಹೂ ಬರೋ ಹಾಗೆ ಅದನ್ನ ಬಳಸ್ಕೊಳ್ತಾರೆ. ಹೊಲದ ಅಂಚಿಗೆ ನೀವು ಹಾಕೋ ಫ್ಲಡ್ ಲೈಟೂ ಪಕ್ಕದ ಸೇವಂತಿಗೆ ಸಾಲಿಗೆ ಅದನ್ನೇ ಮಾಡಬಹುದು.

ಹಂಗಾಗಿ ನಿಮ್ಮ ವಾರ್ಡಲ್ಲಿ, ಪಂಚಾಯ್ತಿಲಿ ಹೊಸ ದೀಪ ಹಾಕ್ತೀವಿ ಅಂತ ಬಂದಾಗ ವ್ಯಾಟ್ ಎಷ್ಟು ಅಂತ ಮಾತ್ರ ಕೇಳ್ಬೇಡ್ರಿ. ಕೆಲ್ವಿನ್ ಎಷ್ಟು, 3000 ಇಲ್ಲಾ 4000 ಹಾಕೋಕಾಗುತ್ತಾ, ದೀಪ ನೆಲಕ್ಕೆ ಮುಖ ಮಾಡಿರುತ್ತಾ ಇಲ್ಲಾ ಮನೆ ಕಿಟಕಿಗಾ, ಸಿಡಿಲು ಬಡಿದಾಗ ತಡೆಯೋಕೆ ಸರ್ಜ್ ಪ್ರೊಟೆಕ್ಷನ್ ಇದೆಯಾ, ಕೆಟ್ರೆ ಡ್ರೈವರ್ ಬೇರೆಯಾಗಿ ಬದಲಿಸೋಕೆ ಬರುತ್ತಾ ಇಲ್ಲಾ ಇಡೀ ಫಿಟ್ಟಿಂಗೇ ಬಿಸಾಕ್ಬೇಕಾ, ಇಷ್ಟನ್ನ ಕೇಳ್ರಿ. ಕಂಬ ಹತ್ತಿ ದೀಪ ಕಟ್ಟಿ ಇಳಿದ ಮೇಲೆ ಇದ್ಯಾವುದನ್ನೂ ಬದಲಿಸೋಕೆ ಯಾರೂ ವಾಪಸ್ ಬರಲ್ಲ, ಟೆಂಡರ್ ಆಗೋ ಮುಂಚೆನೇ ಕೇಳ್ಬೇಕು.